ಟೆರೇಸಿನ ಬೀಗ

ಕದ್ದು ಮಾಡುವ ಕೆಲಸ ಯಾವುದೇ ಇರಲಿ, ಅದಕ್ಕೆ ಶುಕ್ರವಾರ ಬೆಳಗಿನಷ್ಟು ಒಳ್ಳೆಯ ಹೊತ್ತು ದೋಹಾದಲ್ಲಿ ಇನ್ನೊಂದಿಲ್ಲ. ಆಫೀಸಿಲ್ಲ, ಶಾಲೆಯಿಲ್ಲ, ಊರಿಗೆ ಊರೇ ಎ.ಸಿ. ಹಾಕಿಕೊಂಡು ಕಂಬಳಿ ಹೊದ್ದು ಬಿದ್ದಿರುತ್ತದೆ. ರತ್ನಪ್ರಭಾ ಮಾಡಹೊರಟಿದ್ದು ಅಂಥ ಘನಂದಾರಿ ಕಳ್ಳತನವನ್ನೇನಲ್ಲ, ಸಂಡಿಗೆ ಇಡುವುದನ್ನು. ಆದರೆ ಅವಳಿದ್ದ ಕಟ್ಟಡದಲ್ಲಿ ಟೆರೇಸಿಗೆ ಯಾರೂ ಹತ್ತಬಾರದು ಎಂಬ ನಿಯಮವಿತ್ತು. ನಿಯಮ ಮಾಡಿದವನು ಅವಳ ಗಂಡ ನಾಗಾರ್ಜುನ. ಮಾಡಿಸಿದವಳು ಅವಳೇ.

ತೊಂಬತ್ತೈದನೆಯ ಇಸವಿಯ ಜೂನ್ ತಿಂಗಳು. ಅಲ್ ಥುಮಾಮಾದಲ್ಲಿ ಆಗಿನ್ನೂ ಮನೆಗಳಿಗಿಂತ ಮರಳೇ ಹೆಚ್ಚು. ಎಲ್ಲಿ ನೋಡಿದರೂ ಅರ್ಧ ಎದ್ದ ಕಟ್ಟಡಗಳು, ತಲೆಯ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು. ಮೈಸೂರಿನ ನಾಗಾರ್ಜುನ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಅದರ ಜೊತೆಗೆ ಈ ಮೂರು ಮಹಡಿಯ ಕಟ್ಟಡದ ಮ್ಯಾನೇಜರಿಕೆಯನ್ನೂ ಹೊತ್ತುಕೊಂಡಿದ್ದ. ಕಟ್ಟಡದ ಯಜಮಾನ, ಎಲ್ಲರೂ ಅರ್ಬಾಬ್ ಎನ್ನುತ್ತಿದ್ದವರು, ಇದ್ದದ್ದು ಉಮ್ಮ್ ಸಲಾಲ್‌ನಲ್ಲಿ. ಇಲ್ಲಿನ ನೀರು, ಬೆಳಕು, ಬಾಡಿಗೆ, ಜಗಳ ಎಲ್ಲ ನಾಗಾರ್ಜುನನ ತಲೆಗೆ. ಅದಕ್ಕೆ ಪ್ರತಿಯಾಗಿ ಎರಡನೆಯ ಮಹಡಿಯ ಮನೆ ಅವನಿಗೆ ಬಾಡಿಗೆಯಿಲ್ಲದೆ ಸಿಕ್ಕಿತ್ತು.

ಒಂದು ಕಟ್ಟಡ ಕೈಗೆ ಸಿಕ್ಕರೆ ಕೆಲವರಿಗೆ ರಾಜ್ಯವೇ ಸಿಕ್ಕಂತೆ. ನಾಗಾರ್ಜುನ ಮೆಟ್ಟಿಲಿನ ಗೋಡೆಗೆ ಇಂಗ್ಲಿಷ್, ಅರಬ್ಬಿ, ಹಿಂದಿ, ಮಲಯಾಳಂ ನಾಲ್ಕು ಭಾಷೆಯಲ್ಲಿ ನೋಟೀಸು ಅಂಟಿಸಿದ. ಕನ್ನಡದಲ್ಲಿ ಅಂಟಿಸಲಿಲ್ಲ, ಕನ್ನಡದವರಿಗೆ ಬಾಯಲ್ಲೇ ಹೇಳಿದರಾಯಿತು ಎಂದು. ಟೆರೇಸಿನ ಮೇಲೆ ಟ್ಯಾಂಕಿನಿಂದ ಒಂದೊಂದು ಮನೆಗೆ ಇಳಿಯುವ ಒಂದೊಂದು ಪೈಪಿಗೂ ಮನೆಯ ನಂಬರನ್ನು ಕೆಂಪು ಬಣ್ಣದಲ್ಲಿ ದುಂಡಗೆ ಬರೆದ. ಹೆಂಗಸರು ಬಟ್ಟೆ ಒಣಗಿಸುವಾಗ ಬೀದಿಯವರ ಕಣ್ಣಿಗೆ ಬೀಳಬಾರದೆಂದು ಟೆರೇಸಿನ ಸುತ್ತ ಆಳೆತ್ತರಕ್ಕೂ ಮೀರಿದ ಗೋಡೆ ಇತ್ತು. ಬಂದವರಿಗೆಲ್ಲ ಅದನ್ನು ತಾನೇ ಕಟ್ಟಿಸಿದವನಂತೆ ತೋರಿಸುತ್ತಿದ್ದ.

ಆ ಟೆರೇಸಿನ ಮೇಲೆ ಎರಡು ಬೇಸಿಗೆ ಎರಡು ಹೆಂಗಸರು ಎರಡು ಪದಾರ್ಥ ಒಣಗಿಸುತ್ತಿದ್ದರು. ರತ್ನಪ್ರಭಾಳ ಸಬ್ಬಕ್ಕಿ ಸಂಡಿಗೆ ಒಂದು. ದೋಹಾದ ಕನ್ನಡದವರ ಮನೆಗಳಲ್ಲಿ ಅದಕ್ಕೆ ಭಾರಿ ಹೆಸರು, ಹೆಸರು ಕೇಳಿದಷ್ಟೂ ಅವಳು ಉಬ್ಬುತ್ತಿದ್ದಳು. ಇನ್ನೊಂದು ಮೂರನೆಯ ಮಹಡಿಯ ಲೈಲಾಳ ಮೀನು. ಲೈಲಾಳ ಗಂಡ ಪೊಡಿಯಬ್ಬ ಉಳ್ಳಾಲದ ಕಡೆಯ ಬ್ಯಾರಿ, ಸಣ್ಣದೊಂದು ಕೆಫೆಟೇರಿಯಾ ನಡೆಸುತ್ತಿದ್ದ. ಕಟ್ಟಡ ಎದ್ದ ದಿನದಿಂದ ಅವರದು ಅಲ್ಲೇ ವಾಸ. ಆ ವರ್ಷ ಏಪ್ರಿಲ್‌ನಲ್ಲಿ ಒಣಗಿಸಿದ ಸಂಡಿಗೆಯನ್ನು ಕರಿದು ಬಾಯಿಗಿಟ್ಟಾಗ ರತ್ನಪ್ರಭಾಳಿಗೆ ಮೀನಿನ ವಾಸನೆ ಬಡಿಯಿತು. ಅಷ್ಟನ್ನೂ ಕಸಕ್ಕೆ ಸುರಿದಳು. ಸುರಿಯುವಾಗ ಅಳುವೇ ಬಂದಿತ್ತು.

ಲೈಲಾಳ ಮುಂದೆ ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಿದರೆ ತಾನು ಮಡಿವಂತೆ, ಜಾತಿ ನೋಡುವವಳು ಅಂದುಕೊಂಡಾಳು ಎಂಬ ಹೆದರಿಕೆ. ಒಳ್ಳೆಯವಳೆನ್ನಿಸಿಕೊಳ್ಳುವ ಆಸೆ ಮನುಷ್ಯರ ಕೈಯಲ್ಲಿ ಏನೇನು ಕೆಟ್ಟ ಕೆಲಸ ಮಾಡಿಸುತ್ತದೆ ನೋಡಿ. ಅವಳು ಗಂಡನ ಹತ್ತಿರ, "ಟೆರೇಸಿನ ಮೇಲೆ ಯಾವ್ಯಾವ್ದೋ ಗಂಡಸರು ಬಂದು ಸಿಗರೇಟ್ ಸೇದ್ತಾ ನಿಂತಿರ್ತಾರೆ ಕಣ್ರೀ, ಹೆಂಗಸರು ಒಂದು ಬಟ್ಟೆ ಹರವೋ ಹಾಗಿಲ್ಲ" ಎಂದು ಒಂದು ಸುಳ್ಳು ಬಿಟ್ಟಳು. ಮಾರನೆಯ ದಿನವೇ ಟೆರೇಸಿನ ಕಬ್ಬಿಣದ ಬಾಗಿಲಿಗೆ ಮೆಟ್ಟಿಲಿನ ಕಡೆಯಿಂದ ಮುಷ್ಟಿಗಾತ್ರದ ಬೀಗ ಬಿತ್ತು. ಲೈಲಾಳ ಮೀನು ನಿಂತಿತು. ತನ್ನ ಸಂಡಿಗೆಯೂ ನಿಂತಿತಲ್ಲ ಎಂಬುದು ರತ್ನಪ್ರಭಾಳಿಗೆ ಆಮೇಲೆ ಹೊಳೆಯಿತು. ಗಂಡ ಮಲಗಿದ್ದಾಗ ಗೊಂಚಲಿನಿಂದ ಕೀ ಬಿಚ್ಚಿಕೊಂಡು ಹೋಗಿ ಇನ್ನೊಂದು ಮಾಡಿಸಿಟ್ಟುಕೊಂಡಳು.

ಈ ಶುಕ್ರವಾರ ಅವಳು "ಡೊರೊತಿ ಮನೇಗೆ ಹೋಗ್ಬರ್ತೀನಿ, ನೀವು ಗಗನಾನ್ನ ಕರ್ಕೊಂಡು ಹೊರಡಿ" ಎಂದು ಗಂಡನಿಗೆ ಬಚ್ಚಲಿನ ಬಾಗಿಲ ಹೊರಗಿನಿಂದಲೇ ಕೂಗಿ ಹೇಳಿದ್ದಳು. ಗೆಳತಿ ಡೊರೊತಿಯದು ಅದೇ ಕಟ್ಟಡದ ಮೊದಲ ಮಹಡಿ. ನಾಗಾರ್ಜುನ ಶುಕ್ರವಾರಗಳಲ್ಲಿ ಉಮ್ಮ್ ಸಲಾಲ್‌ಗೆ ಹೋಗಿ ಅರ್ಬಾಬ್‌ಗೆ ವರದಿ ಒಪ್ಪಿಸುತ್ತಿದ್ದ. ಮಗಳು ಗಗನಾಳಿಗೆ ಅಲ್ಲಿನ ಮೇಕೆಮರಿಗಳ ಹುಚ್ಚು. ರತ್ನಪ್ರಭಾ ಕೆಳಗಿಳಿಯುವ ಬದಲು ಹಿಟ್ಟಿನ ಪಾತ್ರೆ, ಗಂಡನ ಹಳೆಯ ಪಂಚೆ ಹಿಡಿದು ಮೇಲೆ ಹತ್ತಿದಳು. ನೈಟಿಯಲ್ಲಿದ್ದಳು, ಹೆಗಲ ಮೇಲೊಂದು ಟವೆಲು. ಚಪ್ಪಲಿಯ ಸದ್ದಾಗಬಾರದೆಂದು ಬರಿಗಾಲು. ಬೀಗ ತೆಗೆದು ಕೀ ಸಮೇತ ಅದನ್ನು ಕೊಂಡಿಗೇ ತೂಗುಬಿಟ್ಟು, ಬಾಗಿಲು ಮುಂದೆಳೆದುಕೊಂಡು, ಟ್ಯಾಂಕುಗಳ ಹಿಂದೆ ಪಂಚೆ ಹರವಿದಳು. ಬೆಚ್ಚಗಿನ ಹಿಟ್ಟನ್ನು ಚಮಚದಲ್ಲಿ ಒಂದೊಂದೇ ಹುಯ್ಯುತ್ತಾ ಸಾಲು ತುಂಬಿಸಿದಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸಂಜೆಯೊಳಗೆ ಕಟಕಟ ಒಣಗುತ್ತದೆ ಎಂದು ಖುಷಿಯಾಯಿತು.

ಆಗ ಮೆಟ್ಟಿಲಿನಲ್ಲಿ ಗಂಡನ ದನಿ ಕೇಳಿಸಿತು.

"ಯಾರ್ರೀ ಇದು, ಟೆರೇಸಿನ ಬೀಗ ತೆಗೆದಿರೋರು?"

ಹೊರಡುವ ಮುನ್ನ ಒಂದು ಸುತ್ತು ಹಾಕುವ ಅವನ ಅಭ್ಯಾಸವನ್ನು ಅವಳು ಮರೆತಿದ್ದಳು. ಚಮಚ ಹಿಡಿದುಕೊಂಡೇ ಟ್ಯಾಂಕಿನ ಹಿಂದೆ ಕುಕ್ಕರಿಸಿದಳು. ಕೆಳಗೆ ಯಾವುದೋ ಬಾಗಿಲು ತೆರೆಯಿತು.

"ಎಂತ ಸಾರ್, ಎಂತಾಯ್ತು?" ಲೈಲಾಳ ದನಿ.

"ಎಂತಾಯ್ತು ಅಂತ ನೀವೇ ಹೇಳ್ಬೇಕು. ಡೂಪ್ಲಿಕೇಟ್ ಕೀ! ಇಲ್ನೋಡಿ, ಬೀಗದಲ್ಲೇ ಬಿಟ್ಟಿದೀರಿ."

"ನಮ್ಮದಲ್ಲ ಸಾರ್. ನೀವು ಬೀಗ ಹಾಕಿದ ಮೇಲೆ ನಾನು ಆ ಬದಿಗೇ ಹೋಗ್ಲಿಲ್ಲ."

"ಮತ್ತಿನ್ಯಾರ್ರೀ? ಈ ಬಿಲ್ಡಿಂಗಲ್ಲಿ ಟೆರೇಸಿನ ಮೇಲೆ ಮೀನು ಒಣಗಿಸ್ತಿದ್ದೋರು ನೀವೊಬ್ರೇ ತಾನೆ?"

ಹೇಳುತ್ತಲೇ ಅವನು ಬಾಗಿಲನ್ನು ದೂಡಿದ. ಕಬ್ಬಿಣ ಕಿರ್ರೆಂದಿತು. ಹೊಸ್ತಿಲಲ್ಲೇ ನಿಂತು ಹಣೆಗೆ ಕೈಯಿಟ್ಟು ಬಿಸಿಲಿನತ್ತ ನೋಡಿದ. "ಯಾರಿದೀರಾ ಮೇಲೆ? ಕೇಳಿಸ್ತಾ? ಯಾರದು?"

ರತ್ನಪ್ರಭಾಳಿಗೆ ಟ್ಯಾಂಕಿನ ಸ್ಟ್ಯಾಂಡಿನ ಸಂದಿನಿಂದ ಗಂಡನ ಕಾಲು ಕಾಣುತ್ತಿತ್ತು, ಅವನ ಹಿಂದೆ ಲೈಲಾಳ ಹಸಿರು ಬಟ್ಟೆಯ ಅಂಚೂ ಕಾಣುತ್ತಿತ್ತು. 'ನಾನು ಕಣ್ರೀ' ಎಂದಿದ್ದರೆ ಸಾಕಿತ್ತು. ಆ ಎರಡು ಮಾತು ಗಂಟಲವರೆಗೆ ಬಂದವು. ಮ್ಯಾನೇಜರನ ಹೆಂಡತಿ, ಕಳ್ಳ ಕೀ, ಕೈಯೆಲ್ಲ ಹಿಟ್ಟು, ಮೈಮೇಲೆ ನೈಟಿ, ಎದುರಿಗೆ ಲೈಲಾ. ಅವಳು ಉಸಿರೆತ್ತಲಿಲ್ಲ.

"ಇಳಿದು ಹೋಗಿದ್ದಾರೆ," ಎಂದ ನಾಗಾರ್ಜುನ. ಬಾಗಿಲು ದಢಾರನೆ ಮುಚ್ಚಿತು. ಬೀಗ ಕಟಕ್ಕೆಂದಿತು. ಆಚೆಯಿಂದ ಅವನ ಮಾತು ಒಂದಕ್ಷರವೂ ಬಿಡದೆ ಕೇಳಿಸಿತು. "ಈ ಕೀನ ಅರ್ಬಾಬ್ ಮುಂದೆ ಇಡ್ತೀನಿ. ತಿಂಗಳ ಕೊನೆಗೆ ನಿಮ್ಮ ಕಾಂಟ್ರಾಕ್ಟ್ ಮುಗಿಯುತ್ತಲ್ಲ, ರಿನ್ಯೂ ಆಗಲ್ಲ. ಬೇರೆ ಮನೆ ನೋಡ್ಕೊಳ್ಳಿ ಅಂತ ನಿಮ್ಮ ಯಜಮಾನರಿಗೆ ಹೇಳಿ."

"ಸಾರ್, ಈಗ ಎಲ್ಲಿ ಸಿಗ್ತದೆ ಫ್ಯಾಮಿಲಿಗೆ ಮನೆ? ಮನೆ ಕಾಗದ ಇಲ್ಲದಿದ್ರೆ ನನ್ನ, ಮಕ್ಕಳ ವೀಸಾ ಆಗುದಿಲ್ಲ. ನಾವು ಊರಿಗೆ ಹೋಗ್ಬೇಕಾಗ್ತದೆ. ಅಲ್ಲಾಹನಾಣೆ, ಆ ಕೀ ನಮ್ಮದಲ್ಲ."

ಹೆಜ್ಜೆಗಳು ಇಳಿದು ಹೋದವು. ಲೈಲಾಳ ಬಾಗಿಲು ಸ್ವಲ್ಪ ಹೊತ್ತಿನ ಮೇಲೆ, ಬಹಳ ಮೆಲ್ಲಗೆ, ಮುಚ್ಚಿತು.

ರತ್ನಪ್ರಭಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇವರು ಸಿಟ್ಟಿನಲ್ಲಿ ಹೇಳಿದ್ದು, ಸಂಜೆ ಹೇಗಾದರೂ ಮಾಡಿ ತಿದ್ದಿದರಾಯಿತು. ಮೊದಲು ಇಲ್ಲಿಂದ ಇಳಿಯಬೇಕು. ಅಷ್ಟರಲ್ಲಿ ಕೆಳಗೆ ಕಾರು ಸ್ಟಾರ್ಟ್ ಆದ ಸದ್ದು ಬಂತು. ಓಡಿಹೋಗಿ ಗೋಡೆಯ ಬಳಿ ಕತ್ತೆತ್ತಿ ಕೂಗಿದಳು. ಗೋಡೆ ಅವಳಿಗಿಂತ ಎತ್ತರ. ಗಂಡ ಹೆಮ್ಮೆಯಿಂದ ಎಲ್ಲರಿಗೂ ತೋರಿಸುವ ಗೋಡೆ. ಹೆಂಗಸರು ಬೀದಿಗೆ ಕಾಣಬಾರದೆಂದು ಕಟ್ಟಿದ ಗೋಡೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಕಾರು ಹೋಯಿತು.

ಅವಳು ಬಾಗಿಲು ಬಡಿದಳು. ಅಂಗೈಯಿಂದ, ಪಾತ್ರೆಯಿಂದ, ಚಮಚದಿಂದ. "ಡೊರೊತೀ! ಯಾರಾದ್ರೂ ಇದೀರಾ?" ಎಂದು ಕೂಗಿದಳು. ಲೈಲಾಳ ಹೆಸರನ್ನು ಮಾತ್ರ ಕೂಗಲಿಲ್ಲ. ಹತ್ತು ಮೆಟ್ಟಿಲ ಕೆಳಗೆ ಎಚ್ಚರವಿದ್ದವಳು ಅವಳೊಬ್ಬಳೇ, ಆ ಹೆಸರೊಂದೇ ಬಾಯಿಗೆ ಬರಲಿಲ್ಲ. ಎ.ಸಿ.ಗಳು ಗುಂಯ್‌ಗುಡುತ್ತಿದ್ದವು. ಒಂದು ವಿಮಾನ ತಲೆಯ ಮೇಲೇ ಇಳಿದು ಅವಳ ಕೂಗನ್ನು ನುಂಗಿತು.

ದೋಹಾದ ಜೂನ್ ಬಿಸಿಲನ್ನು ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನಿಂತುಬಿಡುತ್ತಾನೆ, ಗೋಡೆಗೆ ನೆರಳೇ ಇರುವುದಿಲ್ಲ. ಟೆರೇಸಿನ ಸಿಮೆಂಟು ಕಾದ ಕಾವಲಿಯಾಯಿತು. ಒಂದು ಕಾಲಿಟ್ಟರೆ ಇನ್ನೊಂದು ಎತ್ತಬೇಕು, ಇನ್ನೊಂದು ಇಟ್ಟರೆ ಇದನ್ನು ಎತ್ತಬೇಕು. ಕುಣಿಯುತ್ತಾ ಟ್ಯಾಂಕಿನ ಬಳಿ ಬಂದವಳು ಬೇರೆ ದಾರಿ ಕಾಣದೆ ತನ್ನ ಸಂಡಿಗೆಯ ಮೇಲೇ ಹತ್ತಿ ನಿಂತಳು. ಅರೆ ಒಣಗಿದ ಹಿಟ್ಟು ಕಾಲಿಗೆ ಮೆತ್ತಿಕೊಂಡಿತು. ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಸಂಡಿಗೆಯನ್ನೆಲ್ಲ ತುಳಿದು, ಟ್ಯಾಂಕಿನ ಸ್ಟ್ಯಾಂಡಿನ ಕೆಳಗೆ ನುಸುಳಿದಳು. ಟ್ಯಾಂಕಿನ ಪೈಪಿನ ಒಂದು ಸಂದಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದರೆ ಅದು ಒಲೆಯಿಂದ ಇಳಿಸಿದ ಹಾಗಿತ್ತು. ಅದನ್ನೇ ಆರಿಸಿ ಗುಟುಕರಿಸಿದಳು. ಟವೆಲನ್ನು ನೆನೆಸಿ ತಲೆಗೆ ಹಾಕಿಕೊಂಡಳು. ಗಾಳಿಗೆ ಅದು ನೋಡನೋಡುತ್ತಲೇ ಒಣಗಿ ಗರಿಗರಿಯಾಯಿತು.

ಗಂಡ ಬರುವುದು ಸಾಯಂಕಾಲ. ಅರ್ಬಾಬ್‌ನ ಮನೆಯಲ್ಲಿ ಊಟ ಮಾಡಿಸದೆ ಕಳಿಸುವುದಿಲ್ಲ. ಅಲ್ಲಿಯವರೆಗೆ ತಾನು ಉಳಿಯುವುದಿಲ್ಲ ಎಂಬುದು ಅವಳಿಗೆ ತಟ್ಟನೆ, ಯಾವ ಸಂಶಯವೂ ಇಲ್ಲದೆ ಗೊತ್ತಾಯಿತು. ಬೆವರು ಬರುವುದು ನಿಂತಿತ್ತು. ಗಗನಾಳ ಜಡೆಗೆ ಬೆಳಿಗ್ಗೆ ಯಾವ ರಿಬ್ಬನ್ ಕಟ್ಟಿದೆ ಎಂದು ನೆನಪು ಮಾಡಿಕೊಳ್ಳಲು ಹೋದಳು, ನೆನಪಾಗಲಿಲ್ಲ. ಅದು ನೆನಪಾಗದ್ದಕ್ಕೆ ಅವಳಿಗೆ ವಿಪರೀತ ಭಯವಾಯಿತು.

ಕಣ್ಣೆದುರಿಗೆ ಪೈಪುಗಳಿದ್ದವು. ಒಂದೊಂದಕ್ಕೂ ಒಂದೊಂದು ವಾಲ್ವ್, ಮೇಲೆ ಗಂಡನ ದುಂಡು ಅಕ್ಷರದ ನಂಬರು. ನೀರು ನಿಂತರೆ ಯಾರಾದರೂ ಮೇಲೆ ಬಂದೇ ಬರುತ್ತಾರೆ! ಯಾರ ನೀರು? ಡೊರೊತಿಯ ಮನೆಯವರೂ ಅವರೆದುರಿನವರೂ ಶುಕ್ರವಾರ ಊಟಕ್ಕೆ ಹೊರಗೆ. ಎರಡನೆಯ ಮಹಡಿಯಲ್ಲಿ ತಮ್ಮ ಎದುರಿನ ಈಜಿಪ್ಟಿನ ಮೇಷ್ಟ್ರು ರಜೆಗೆ ಹೋಗಿದ್ದಾರೆ. ಮೂರನೆಯ ಮಹಡಿಯ ಫಿಲಿಪೈನ್ಸ್ ನರ್ಸುಗಳು ರಾತ್ರಿ ಪಾಳಿ ಮುಗಿಸಿ ಬಂದು ಸತ್ತಂತೆ ನಿದ್ದೆ ಹೋಗಿರುತ್ತಾರೆ. ಉಳಿದದ್ದು ಒಂದೇ. ಶುಕ್ರವಾರ ಹಗಲಿನಲ್ಲಿ ಎದ್ದಿದ್ದು, ನೀರಿನ ನಡುವೆಯೇ ಇರುವವಳು ಲೈಲಾ ಒಬ್ಬಳು.

ಟವೆಲಿನ ತುದಿ ಹಿಡಿದು ಲೈಲಾಳ ಮನೆಯ ವಾಲ್ವನ್ನು ತಿರುಗಿಸಿ ಬಿಗಿಮಾಡಿದಳು. ಕಬ್ಬಿಣ ಟವೆಲನ್ನೂ ದಾಟಿ ಅಂಗೈ ಸುಟ್ಟಿತು. ಕಾದಳು. ದೂರದ ಮಸೀದಿಯಿಂದ ಧ್ವನಿವರ್ಧಕದಲ್ಲಿ ಶುಕ್ರವಾರದ ಪ್ರವಚನ ಶುರುವಾಯಿತು. ಅಂದರೆ ಪೊಡಿಯಬ್ಬ ಮಕ್ಕಳನ್ನು ಕರೆದುಕೊಂಡು ನಮಾಜಿಗೆ ಹೋಗಿರುತ್ತಾನೆ. ಲೈಲಾ ಒಬ್ಬಳೇ. ಬರಲಿಲ್ಲ. ಪ್ರವಚನ ಮುಂದುವರಿಯಿತು. ಲೈಲಾ ಬರಲಿಲ್ಲ.

ಯಾಕೆ ಬರುವುದಿಲ್ಲ ಎಂಬುದು ಹೊಳೆದಾಗ ಆ ಉರಿಯಲ್ಲೂ ಅವಳ ಮೈ ತಣ್ಣಗಾಯಿತು. ಹೋದ ವರ್ಷ ಮೊದಲ ಮಹಡಿಯ ಪಾಕಿಸ್ತಾನಿ ಕುಟುಂಬವನ್ನು ಬಿಡಿಸಲು ನಾಗಾರ್ಜುನ ಮಾಡಿದ್ದೇ ಇದನ್ನು. ಬಾಯಲ್ಲಿ ಹೇಳಿದ, ಹೋಗಲಿಲ್ಲ. ವಾಲ್ವ್ ತಿರುಗಿಸಿದ, ಹೋದರು. ಆ ಹೆಂಗಸು ಖಾಲಿ ಬಕೆಟ್ ಹಿಡಿದು ಬಂದು ತಮ್ಮ ಬಾಗಿಲು ಬಡಿದಿದ್ದಳು. "ತೆಗೀಬೇಡ" ಎಂದಿದ್ದ ಗಂಡ. ರತ್ನಪ್ರಭಾ ತೆಗೆದಿರಲಿಲ್ಲ. ಟಿ.ವಿ.ಯ ಸದ್ದು ಜಾಸ್ತಿ ಮಾಡಿದ್ದಳು. ಅದು ಇಡೀ ಕಟ್ಟಡಕ್ಕೆ ಗೊತ್ತು. ಬೆಳಿಗ್ಗೆ ಮನೆ ಬಿಡಿ ಎಂದವನು ಮಧ್ಯಾಹ್ನ ನೀರು ಕಟ್ಟಿದ್ದಾನೆ ಎಂದು ಲೈಲಾ ತಿಳಿಯುತ್ತಾಳೆ. ಅಂಥವನ ಹತ್ತಿರ ಕೇಳಲು ಅವಳು ಯಾಕೆ ಮೆಟ್ಟಿಲು ಹತ್ತುತ್ತಾಳೆ?

"ಲೈಲಾ!" ಎಂದು ಈಗ ಕೂಗಿದಳು. ಗಂಟಲಿನಿಂದ ಗಾಳಿ ಬಂತು, ದನಿ ಬರಲಿಲ್ಲ. ದನಿಯಿದ್ದಾಗ ಕೂಗಲಿಲ್ಲ, ಈಗ ಆ ಹೆಸರೇ ಆಚೆ ಬರುತ್ತಿಲ್ಲ.

ಅವಳು ವಾಲ್ವ್ ಬಿಟ್ಟಳು. ಪೈಪಿನೊಳಗೆ ನೀರು ಗುಳಗುಳ ಇಳಿಯಿತು. ಮತ್ತೆ ಕಟ್ಟಿದಳು. ಮತ್ತೆ ಬಿಟ್ಟಳು. ಹಗೆ ತೀರಿಸುವವನು ಕಟ್ಟಿ ಹೋಗುತ್ತಾನೆ, ಹೀಗೆ ಆಟವಾಡುತ್ತಾ ಕೂರುವುದಿಲ್ಲ. ಇದು ಅವಳಿಗೆ ತಿಳಿಯಲಿ, ದೇವರೇ, ಇಷ್ಟು ತಿಳಿಯಲಿ. ಕಟ್ಟಿದಳು, ಬಿಟ್ಟಳು. ಬಾಗಿಲು ತಟ್ಟಿದ ಹಾಗೆ ಲೈಲಾಳ ನಲ್ಲಿಯನ್ನು ತಟ್ಟಿದಳು. ಅಂಗೈಯ ಚರ್ಮ ಟವೆಲಿಗೆ ಅಂಟಿತು. ಎಷ್ಟು ಸಲವೋ ಗೊತ್ತಿಲ್ಲ. ಕೊನೆಗೆ ವಾಲ್ವ್ ಹಿಡಿದುಕೊಂಡೇ ತಲೆ ಪೈಪಿಗೆ ತಾಗಿತು, ತೆಗೆಯುವ ಶಕ್ತಿ ಇರಲಿಲ್ಲ.

ಬಾಗಿಲ ಆಚೆ ಚಪ್ಪಲಿ ಸದ್ದಾಯಿತು.

"ಯಾರು ಮೇಲೆ? ನೀರಿನ ಹತ್ರ ಯಾರಿರುದು?"

ರತ್ನಪ್ರಭಾ ಪಾತ್ರೆಯನ್ನು ನೆಲಕ್ಕೆ ಬಡಿದಳು. ಪಂಚೆಯನ್ನು ಮೊಣಕಾಲಡಿ ತಳ್ಳಿಕೊಳ್ಳುತ್ತಾ ಬಾಗಿಲಿನವರೆಗೆ ತೆವಳಿದಳು. ಬಾಗಿಲಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನ ಸಂದು. ಅಲ್ಲಿಂದ ಮೆಟ್ಟಿಲಿನ ನೆರಳಿನ ತಂಪಿನ ಎಳೆಯೊಂದು ಬರುತ್ತಿತ್ತು. ಅದಕ್ಕೆ ಬಾಯಿಟ್ಟಳು.

"ಯಾರು? ಹೇಳಿ ಮಾರಾಯ್ರೆ, ಯಾರು?"

"ರತ್ನಪ್ರಭಾ."

ಆಚೆ ಸದ್ದಿಲ್ಲ. ಆ ಮೌನದಲ್ಲಿ ಲೈಲಾ ಬೆಳಗಿನದನ್ನೆಲ್ಲ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದಾಳೆ ಎಂದು ಇವಳಿಗೆ ಗೊತ್ತಿತ್ತು. ಬೀಗ, ಕೀ, ಸಾರ್ ಕೂಗಿದ್ದು, ಮೇಲಿನಿಂದ ಯಾರೂ ಓಗೊಡದೆ ಇದ್ದದ್ದು. ಈಗ ಅವಳು ತಿರುಗಿ ಇಳಿದುಹೋದರೂ ತಪ್ಪಲ್ಲ ಎಂದು ಅನ್ನಿಸಿತು. ಚಪ್ಪಲಿ ನಿಜಕ್ಕೂ ತಿರುಗಿತು. ದಡದಡ ಇಳಿದುಹೋಯಿತು.

ರತ್ನಪ್ರಭಾ ಕಣ್ಣು ಮುಚ್ಚಿದಳು.

ತಣ್ಣಗೆ ಏನೋ ಕೆನ್ನೆಗೆ ತಾಗಿತು. ಸಂದಿನಿಂದ ಒದ್ದೆ ಬಟ್ಟೆಯೊಂದು ಒಳಗೆ ಬಂದಿತ್ತು, ಫ್ರಿಜ್ಜಿನ ನೀರಿನಲ್ಲಿ ಅದ್ದಿದ್ದು. "ಅದನ್ನು ಚೀಪಿ ಅಕ್ಕ. ಇನ್ನೊಂದು ಕೊಡ್ತೇನೆ, ಅದನ್ನು ತಲೆಗೆ ಇಡಿ. ಮಾತಾಡ್ಬೇಡಿ. ಬದಿಗೆ ಸರೀರಿ, ನಾನು ಬೀಗ ಒಡೀತೇನೆ."

ಎದುರು ಮನೆಯ ನರ್ಸೊಬ್ಬಳೂ ಎದ್ದು ಬಂದಳೆಂದು ದನಿಯಿಂದ ತಿಳಿಯಿತು. ಲೈಲಾ ಊರಿನಿಂದ ಹೊತ್ತು ತಂದ ಅರೆಯುವ ಕಲ್ಲಿನ ಗುಂಡು ಕಬ್ಬಿಣದ ಮೇಲೆ ಬೀಳತೊಡಗಿತು. ಒಂದೊಂದು ಏಟಿಗೂ ಬಾಗಿಲು ನಡುಗುತ್ತಿತ್ತು. ಬೀಗ ಜಗ್ಗಲಿಲ್ಲ, ನಾಗಾರ್ಜುನ ತಂದದ್ದು ಗಟ್ಟಿ ಬೀಗವೇ. ಕೊನೆಗೆ ಕೊಂಡಿಯೇ ಮರದ ಚೌಕಟ್ಟಿನಿಂದ ಕಿತ್ತು ಬಂತು.

ಲೈಲಾಳ ಮನೆಯಲ್ಲಿ ಅವಳನ್ನು ಎ.ಸಿ.ಯ ಎದುರಿನ ಮಂಚದ ಮೇಲೆ ಮಲಗಿಸಿದರು. ನರ್ಸು ನಾಡಿ ನೋಡಿ, ನೀರಿಗೆ ಉಪ್ಪು ಸಕ್ಕರೆ ಕದಡಿ ಗುಟುಕು ಗುಟುಕಾಗಿ ಕುಡಿಸಿದಳು. ಇನ್ನರ್ಧ ಗಂಟೆ ಹೋಗಿದ್ದರೆ ಕಷ್ಟವಿತ್ತು ಎಂದು ಇಂಗ್ಲಿಷಿನಲ್ಲಿ ಬೈದು ಹೋದಳು. ಎದ್ದು ಕೂರುವಂತಾದ ಮೇಲೆ ಬೊಬ್ಬೆ ಎದ್ದ ಪಾದಗಳನ್ನು ಲೈಲಾ ಟಬ್ಬಿನ ನೀರಿನಲ್ಲಿ ಇಡಿಸಿದಳು. ಪಾದಕ್ಕೆ ಮೆತ್ತಿದ್ದ ಸಂಡಿಗೆ ಬಿಳಿಬಿಳಿಯಾಗಿ ನೀರಿನಲ್ಲಿ ಬಿಟ್ಟುಕೊಂಡಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು.

"ಬಡಿಯುದು ಕೇಳ್ತಿತ್ತು," ಎಂದಳು ಲೈಲಾ. "ಸಾರ್ ಹೊಸ ಬೀಗ ಹಾಕಿಸ್ತಿದ್ದಾರೆ ಅಂದ್ಕೊಂಡೆ. ನೀರು ನಿಂತಾಗ ಖಲಾಸ್ ಅಂದ್ಕೊಂಡೆ. ಮಕ್ಕಳ ಬಟ್ಟೆ ಪ್ಯಾಕ್ ಮಾಡ್ತಾ ಇದ್ದೆ. ನೀರು ಬಂದು ಬಂದು ನಿಲ್ಲುದು ನೋಡಿ, ಮೇಲೆ ಯಾರೋ ಇದ್ದಾರೆ ಅಂತ ಹತ್ತಿ ಬಂದೆ."

ಮೂಲೆಯಲ್ಲಿ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. ಅದರ ಮೇಲೆ ಸಣ್ಣದೊಂದು ಸ್ಕೂಲ್ ಯೂನಿಫಾರ್ಮ್.

"ಬೀಗ ಹಾಕ್ಸಿದ್ದೂ ನಾನೇ," ರತ್ನಪ್ರಭಾ ಟಬ್ಬಿನ ಕಡೆಯೇ ನೋಡುತ್ತಾ ಹೇಳಿದಳು. "ಮೀನಿನ ವಾಸನೆ ತಡೆಯೋಕಾಗ್ಲಿಲ್ಲ. ಗಂಡಸರು ಬರ್ತಾರೆ ಅಂತ ಇವರಿಗೆ ಸುಳ್ಳು ಹೇಳಿದೆ."

"ಗೊತ್ತುಂಟು."

"ಗೊತ್ತಿತ್ತಾ?"

"ನೀವು ಸಂಡಿಗೆ ಬಿಸಾಡಿದ್ದು ಕಸದ ಡಬ್ಬಿಯಲ್ಲಿ ನೋಡಿದೆ. ಮಾರನೇ ದಿನ ಬೀಗ. ನನಗೆ ಅಷ್ಟು ಅರ್ಥ ಆಗುದಿಲ್ವಾ?" ಲೈಲಾಳ ದನಿಯಲ್ಲಿ ಈಗ ಸಿಟ್ಟಿತ್ತು, ಮುಚ್ಚಿಡಲಿಲ್ಲ. "ನನ್ನ ಹತ್ರ ಹೇಳ್ಬಹುದಿತ್ತಲ್ಲ ಅಕ್ಕ. ನಾನು ಆಚೆ ಬದಿಗೆ ಒಣಗಿಸ್ತಿದ್ದೆ. ಅಷ್ಟು ದೊಡ್ಡ ಟೆರೇಸು."

 

ಪೊಡಿಯಬ್ಬ ನಮಾಜು ಮುಗಿಸಿ ಬಂದ. ಹೆಂಡತಿ ಬ್ಯಾರಿಯಲ್ಲಿ ಹೇಳಿದ್ದನ್ನು ಕೇಳಿ ಮಕ್ಕಳನ್ನು ಕರೆದುಕೊಂಡು ಅಡುಗೆಮನೆಗೆ ಹೋಗಿ ಕೂತ. ಹೊತ್ತು ಇಳಿದ ಮೇಲೆ ಕೆಳಗೆ ಕಾರು ಬಂದು ನಿಂತಿತು. ನಾಗಾರ್ಜುನನ ಹೆಜ್ಜೆ ಎರಡನೆಯ ಮಹಡಿಯಲ್ಲಿ ನಿಂತು, ಬೆಲ್ ಒತ್ತಿ, ಕಾದು, ಮೇಲೆ ಹತ್ತಿತು. ಕಿತ್ತುಬಂದ ಕೊಂಡಿ ಕಂಡಿರಬೇಕು, ಅವನ ಕೂಗು ಮೆಟ್ಟಿಲನ್ನೇ ತುಂಬಿತು.

"ಪೊಡಿಯಬ್ಬ! ಬೀಗಾನೂ ಒಡೆದ್ರಾ? ಅರ್ಬಾಬ್ ಖಲಾಸ್ ಅಂದಿದ್ದಾರೆ. ಇನ್ನು ತಿಂಗಳ ಕೊನೇವರೆಗೂ ಕಾಯೋದೂ ಇಲ್ಲ..."

ಬಾಗಿಲು ತೆರೆದೇ ಇತ್ತು. ಮಗಳ ಕೈ ಹಿಡಿದುಕೊಂಡು ಒಳಗೆ ನುಗ್ಗಿದವನು ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತ ಹೆಂಡತಿಯನ್ನು ಕಂಡು ಮಾತು ಅರ್ಧಕ್ಕೆ ನಿಲ್ಲಿಸಿದ. ಅವಳ ಮುಖ ಸುಟ್ಟು ಕೆಂಪಾಗಿತ್ತು, ತುಟಿ ಒಡೆದಿತ್ತು.

"ಕೀ ನಂದು," ಎಂದಳು ರತ್ನಪ್ರಭಾ. "ನಾನೇ ಮಾಡಿಸಿದ್ದು. ಬೆಳಗಿನಿಂದ ಟೆರೇಸಿನ ಮೇಲಿದ್ದೆ."

"ಬೆಳಗಿನಿಂದ್ಲಾ? ನಾನು ಬಾಗಿಲು ತೆಗೆದು ಕೂಗಿದೆನಲ್ಲ!"

"ಕೇಳಿಸ್ತು."

"ಮತ್ತೆ ಯಾಕೆ ಮಾತಾಡ್ಲಿಲ್ಲ?"

"ಲೈಲಾ ನಿಮ್ಮ ಹಿಂದೆ ನಿಂತಿದ್ರಲ್ಲ, ಅದಕ್ಕೆ."

ನಾಗಾರ್ಜುನ ಮುಖ ಒರೆಸಿಕೊಂಡ. ಬೀಗ ಹಾಕಿದ ಕೈ ತನ್ನದೇ ಎಂಬುದು ಒಳಕ್ಕೆ ಇಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೂ ಅವನು ಮೊದಲು ನೋಡಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತ ಪೊಡಿಯಬ್ಬನ ಕಡೆಗೆ. ದನಿ ತಗ್ಗಿಸಿದ. "ಏಳು. ಮನೇಲಿ ಮಾತಾಡೋಣ."

"ಏಳಲ್ಲ. ನೀವು ಉಮ್ಮ್ ಸಲಾಲ್‌ಗೆ ಹೋಗಿ, 'ಕೀ ನನ್ನ ಹೆಂಡತೀದು' ಅಂತ ಹೇಳಿ ಬನ್ನಿ."

"ತಲೆ ಕೆಟ್ಟಿದ್ಯಾ? ಅರ್ಬಾಬ್ ಮುಂದೆ ನನ್ನ ಮರ್ಯಾದೆ ಏನಾಗುತ್ತೆ?"

"ಆ ಮರ್ಯಾದೆ ಕಾಪಾಡ್ಕೊಂಡೇ ನಾನು ಟ್ಯಾಂಕಿನ ಹಿಂದೆ ಕೂತಿದ್ದೆ ಕಣ್ರೀ," ಎಂದಳು ಅವಳು. "ಸಾಯೋದಿತ್ತು. ಇವರು ಬಿಡ್ಬೇಕಾದ ಮನೇಲಿ ಕೂತು ಇವರದೇ ನೀರು ಕುಡೀತಿದೀನಿ. ಹೋಗಿ ಬನ್ನಿ."

ಗಗನಾ ಅಪ್ಪನ ಕೈ ಬಿಡಿಸಿಕೊಂಡು ಬಂದು ಅಮ್ಮನ ಪಕ್ಕ ನಿಂತಳು. ಅವಳ ಜಡೆಯಲ್ಲಿ ಹಳದಿ ರಿಬ್ಬನ್ ಇತ್ತು. ನಾಗಾರ್ಜುನ ಅಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿದ. ಯಾರೂ ಕಣ್ಣು ತಪ್ಪಿಸಲಿಲ್ಲ. ಜೇಬಿನಲ್ಲಿದ್ದ ಕಾರಿನ ಕೀಯನ್ನು ಮುಟ್ಟಿ ನೋಡಿಕೊಂಡು ಇಳಿದುಹೋದ.

ಅವನು ಮರಳಿದಾಗ ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಕರೆ ಮುಗಿದಿತ್ತು. ಈ ಸಲ ಹೆಜ್ಜೆ ಎಲ್ಲೂ ನಿಲ್ಲದೆ ನೇರ ಮೂರನೆಯ ಮಹಡಿಗೆ ಬಂತು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತ.

"ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಆಗುತ್ತೆ," ಎಂದ ಪೊಡಿಯಬ್ಬನಿಗೆ. "ಅರ್ಬಾಬ್ ಮಾತು ಕೊಟ್ಟಿದ್ದಾರೆ."

ಆಮೇಲೆ ಸೊಂಟದಿಂದ ಕೀ ಗೊಂಚಲು ಬಿಚ್ಚಿದ. ಕಟ್ಟಡದ ಅಷ್ಟೂ ಕೀಗಳು ಅದರಲ್ಲಿದ್ದವು. ಹತ್ತಿರದ ಮೇಜಿನ ಮೇಲೆ ಇಟ್ಟ. "ಹೆಂಡತಿ ಕಳ್ಳ ಕೀ ಮಾಡಿಸಿದ್ದು ಗೊತ್ತಾಗದೋನ ಕೈಯಲ್ಲಿ ಬಿಲ್ಡಿಂಗ್ ಯಾಕೆ ಅಂದ್ರು. ಇನ್ನೊಬ್ಬ ಸಿಗೋವರೆಗೂ ಹಳಬರು ನೀವೇ ನೋಡ್ಕೋಬೇಕಂತೆ. ತಿಂಗಳ ಕೊನೆಗೆ ನಾವು ಮನೆ ಖಾಲಿ ಮಾಡ್ತೀವಿ."

ರತ್ನಪ್ರಭಾ ಟಬ್ಬಿನಿಂದ ಪಾದ ತೆಗೆದಳು. ಬಿಡಬೇಕಾದ ಮನೆ ಈಗ ತಮ್ಮದು. ಆದರೂ ಬೆಳಗಿನಿಂದ ಎದೆಯ ಮೇಲೆ ಕೂತಿದ್ದದ್ದು ಆಗಲೇ ಎದ್ದು ಹೋಗಿತ್ತು. ಗಂಡನ ಬಗ್ಗೆ ಅವಳಿಗೆ ಮರುಕ ಬಂತು, ಪ್ರೀತಿಯೂ ಬಂತು. ಅವನು ಹೋಗುವುದಿಲ್ಲ ಎಂದುಕೊಂಡಿದ್ದಳು. ಹೋಗಿ, ಹೇಳಿ ಬಂದಿದ್ದ.

ಪೊಡಿಯಬ್ಬ ಗೊಂಚಲನ್ನು ಮುಟ್ಟಲಿಲ್ಲ. ಲೈಲಾ ಮುಂದೆ ಬಂದು ಅದನ್ನು ಎತ್ತಿಕೊಂಡಳು. ದೀಪದ ಬೆಳಕಿಗೆ ಹಿಡಿದು ಒಂದೊಂದಾಗಿ ಸರಿಸಿ, ದೊಡ್ಡದೊಂದನ್ನು ಬಿಡಿಸಿ ನಾಗಾರ್ಜುನನ ಕೈಗೆ ಕೊಟ್ಟಳು.

"ಇದು ಟೆರೇಸಿನದ್ದು ಸಾರ್. ಇದು ನಮಗೆ ಬೇಡ. ಅಲ್ಲಿ ಇನ್ನು ಬೀಗ ಇಲ್ಲ."